ಗುಲಾಮ ಅನ್ನೋ ಪದ ಅಷ್ಟು ಅಗ್ಗ ಅಲ್ಲ, ಗುರು

ನಮ್ಮ ಟೀಮಿನ ಹುಡುಗನೊಬ್ಬ ಅಪ್ರೈಸಲ್ ಮೀಟಿಂಗ್ ಮುಗಿಸಿ ಬಂದವನೇ ವಾಟ್ಸಾಪ್ ಸ್ಟೇಟಸ್ ಹಾಕಿದ: 'ಕಾರ್ಪೊರೇಟ್ ಗುಲಾಮ, ಬಿಡುಗಡೆಯ ದಿನ ಎಣಿಸುತ್ತಿದ್ದೇನೆ.' ಹಿಂದೆ ಯಾವುದೋ ಹೋಮ್‌ಸ್ಟೇ ಕೆರೆಯ ಫೋಟೋ. ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿದರೆ, 'ವಾಲ್ಡೆನ್' ಓದ್ತಾ ಇದ್ದೀನಿ, ಎಲ್ಲ ಬಿಟ್ಟು ಸಕಲೇಶಪುರದ ಕಡೆ ಎರಡೆಕರೆ ತಗೊಂಡು ಇದ್ದುಬಿಡಬೇಕು ಅನ್ನಿಸ್ತಿದೆ ಅಂದ. ಟೇಬಲ್ಲಿನ ಸುತ್ತ ಕೂತವರೆಲ್ಲ ತಲೆಯಾಡಿಸಿದರು. ನಾನೂ ಆಡಿಸಿದೆ. ಸುಳ್ಳು ಯಾಕೆ ಹೇಳಲಿ, ಕೆಲವು ವರ್ಷದ ಹಿಂದೆ ಅದೇ ಪುಸ್ತಕ ಓದಿ ನಾನೂ ರಾಜೀನಾಮೆ ಪತ್ರ ಟೈಪ್ ಮಾಡಿಟ್ಟಿದ್ದೆ.

ಈಗ ಜಗಳ ಆಡಬೇಕು ಅನ್ನಿಸ್ತಿದೆ. ಥೋರೋ ಜೊತೆ ಸ್ವಲ್ಪ, ನಮ್ಮ ಜೊತೆ ಜಾಸ್ತಿ.

ಹೆನ್ರಿ ಡೇವಿಡ್ ಥೋರೋ ಮ್ಯಾಸಚೂಸೆಟ್ಸ್‌ನ ಕಾಂಕರ್ಡ್ ಊರಿನ ಹೊರಗೆ, ವಾಲ್ಡೆನ್ ಕೊಳದ ದಡಕ್ಕೆ ವಾಸಕ್ಕೆ ಹೋಗಿದ್ದು 1845ರ ಜುಲೈ 4ರಂದು. ಮನೆ ಕಟ್ಟಲು ತಗುಲಿದ ಖರ್ಚು 28 ಡಾಲರ್ ಹನ್ನೆರಡೂವರೆ ಸೆಂಟ್. ಜಾಗ ಗೆಳೆಯ ಎಮರ್ಸನ್‌ದು. ಎರಡು ವರ್ಷ ಎರಡು ತಿಂಗಳಾದ ಮೇಲೆ ವಾಪಸ್. ಅವನ ಬಟ್ಟೆ ಅಮ್ಮ ಒಗೆದು ಕೊಡ್ತಿದ್ದಳು ಅನ್ನೋ ಹಳೇ ಲೇವಡಿ ನನಗೆ ಬೇಡ. ಆಸಾಮಿ ಗಟ್ಟಿಗನೇ. ಗುಲಾಮಗಿರಿಯನ್ನು ಸಾಕುವ ಸರ್ಕಾರಕ್ಕೆ ತೆರಿಗೆ ಕೊಡಲ್ಲ ಅಂತ 1846ರಲ್ಲಿ ಒಂದು ರಾತ್ರಿ ಜೈಲಲ್ಲಿ ಕಳೆದ. 1851ರಲ್ಲಿ, ಓಡಿಬಂದ ಗುಲಾಮನೊಬ್ಬನನ್ನು ಕೆನಡಾ ಕಡೆಗೆ ರೈಲು ಹತ್ತಿಸಿದ.

ನನ್ನ ತಕರಾರು ಆ ಪುಸ್ತಕದ ಒಂದೇ ಮಾತಿನ ಮೇಲೆ. ದಕ್ಷಿಣದ ಮೇಸ್ತ್ರಿ ಕೈಕೆಳಗೆ ಇರೋದು ಕಷ್ಟ, ಉತ್ತರದವನ ಕೈಕೆಳಗೆ ಇರೋದು ಇನ್ನೂ ಕಷ್ಟ, ಎಲ್ಲಕ್ಕಿಂತ ಕೆಟ್ಟದ್ದು ಅಂದ್ರೆ ನಿನಗೆ ನೀನೇ ಗುಲಾಮರ ಮೇಸ್ತ್ರಿ ಆಗೋದು ಎಂಬರ್ಥದ ಮಾತು ಶುರುವಿನಲ್ಲೇ ಬರುತ್ತೆ. ಕೇಳೋಕೆ ಚೆಂದ. ಆದರೆ ಅದು ತಪ್ಪು. ಚಾಟಿ ಹಿಡಿದ ಮೇಸ್ತ್ರಿ ನಿಜವಾಗಿ ಬದುಕಿದ್ದ ಕಾಲದಲ್ಲಿ ಬರೆದ ಆ ಮಾತೇ ಇಷ್ಟು ದೂರ ಬಂದು ನಮ್ಮ ಹುಡುಗನ ಸ್ಟೇಟಸ್ ಆಗಿದೆ.

ಅದೇ 1845ರಲ್ಲಿ, ಥೋರೋ ಕೊಳದ ದಡಕ್ಕೆ ಹೋಗೋ ಮುಂಚೆ, ಅದೇ ರಾಜ್ಯದ ಬಾಸ್ಟನ್‌ನಲ್ಲಿ ಇನ್ನೊಂದು ಪುಸ್ತಕ ಅಚ್ಚಾಗಿತ್ತು. ಫ್ರೆಡರಿಕ್ ಡಗ್ಲಾಸ್ ಅನ್ನೋ ಓಡಿಬಂದ ಗುಲಾಮ ತಾನೇ ಬರೆದ ತನ್ನ ಜೀವನಕಥೆ. ತೆಳ್ಳಗಿನ ಪುಸ್ತಕ, ಒಂದು ಭಾನುವಾರ ಸಾಕು. ಅದರಲ್ಲಿ ಚಾಟಿ ಇದೆ, ರಕ್ತ ಇದೆ. ಆದರೆ ನನ್ನಂಥ ಸಂಬಳದವನ ಹೊಟ್ಟೆ ಕಿವುಚೋದು ಶನಿವಾರದ ಲೆಕ್ಕ. ಬಾಲ್ಟಿಮೋರ್ ಬಂದರಲ್ಲಿ ಹಡಗಿನ ಹಲಗೆ ಸಂದಿಗೆ ನಾರು ತುಂಬಿ ನೀರು ಸೋರದಂತೆ ಮಾಡೋದು ಡಗ್ಲಾಸ್ ಕಲಿತ ಕಸುಬು. ಒಳ್ಳೆ ದಿನಕ್ಕೆ ಒಂದೂವರೆ ಡಾಲರ್ ದುಡೀತಿದ್ದ. ವಾರದ ಕೊನೆಗೆ ಅಷ್ಟನ್ನೂ ತಂದು ಯಜಮಾನ ಹ್ಯೂ ಆಲ್ಡ್ ಕೈಗೆ ಹಾಕಬೇಕು. ಯಜಮಾನ ಎಣಿಸಿ, ಮುಖ ನೋಡಿ, ಇಷ್ಟೇನಾ ಅಂತ ಕೇಳ್ತಿದ್ದ. ಆರು ಡಾಲರ್ ತಂದ ವಾರ ಒಮ್ಮೊಮ್ಮೆ ಖುಷಿಗೆ ಆರು ಸೆಂಟ್ ವಾಪಸ್ ಕೊಡೋನು. ಆ ಆರು ಸೆಂಟ್ ಡಗ್ಲಾಸ್‌ಗೆ ಸಮಾಧಾನ ತರಲಿಲ್ಲ, ಉರಿ ತಂದಿತು. ಪೂರ್ತಿ ದುಡ್ಡು ನನ್ನದೇ ಅಂತ ಇವನಿಗೂ ಗೊತ್ತು, ಅದಕ್ಕೇ ಚೂರು ಕೊಡ್ತಾನೆ ಅನ್ನೋದು ಅವನಿಗೆ ಹೊಳೆದುಬಿಟ್ಟಿತ್ತು.

ಆಮೇಲೆ, 1838ರಲ್ಲಿ, ಒಂದು ಒಪ್ಪಂದ. ಕೆಲಸ ನೀನೇ ಹುಡುಕಿಕೋ, ಊಟ, ಬಟ್ಟೆ, ಉಪಕರಣ ಎಲ್ಲ ನಿಂದೇ, ವಾರಕ್ಕೆ ಮೂರು ಡಾಲರ್ ಮಾತ್ರ ನನಗೆ ಕೊಡು. ಮಳೆ ಬಂದು ಕೆಲಸ ನಿಂತರೂ ಮೂರು ಡಾಲರ್ ಕೊಡಲೇಬೇಕು. ಒಂದು ವಾರ ಹೇಳದೆ ಎಲ್ಲೋ ಹೋಗಿ, ದುಡ್ಡು ಕೊಡೋದು ತಡವಾಗಿದ್ದಕ್ಕೆ ಅದನ್ನೂ ಕಿತ್ತುಕೊಂಡರು. ಅದೇ ಸೆಪ್ಟೆಂಬರಿನಲ್ಲಿ ನಾವಿಕನೊಬ್ಬನಿಂದ ಎರವಲು ತಂದ ಕಾಗದಪತ್ರ ಜೇಬಲ್ಲಿಟ್ಟುಕೊಂಡು ಅವನು ರೈಲು ಹತ್ತಿದ.

ಹೆಸರಿನ ವಿಷಯ ನೋಡಿ. ಹುಟ್ಟಿದ್ದು ಬೇಯ್ಲಿ ಆಗಿ. ನ್ಯೂಯಾರ್ಕಿನಲ್ಲಿ ಜಾನ್ಸನ್. ನ್ಯೂ ಬೆಡ್‌ಫರ್ಡ್ ತಲುಪಿದರೆ ಅಲ್ಲಿ ಮೂಲೆಮೂಲೆಗೂ ಜಾನ್ಸನ್‌ಗಳು. ಆಶ್ರಯ ಕೊಟ್ಟವನು ವಾಲ್ಟರ್ ಸ್ಕಾಟ್‌ನ ಕಾವ್ಯ ಓದ್ತಿದ್ದ, ಅದರಿಂದ ಡಗ್ಲಾಸ್ ಅನ್ನೋ ಹೆಸರು ಆರಿಸಿದ. ಏನಾದ್ರೂ ಇಡು, ಫ್ರೆಡರಿಕ್ ಮಾತ್ರ ತೆಗೀಬೇಡ, ನಾನು ಯಾರು ಅಂತ ನನಗೆ ನೆನಪಿರಬೇಕು ಅನ್ನೋದು ಇವನ ಷರತ್ತು. ನಾವು ಲಿಂಕ್ಡ್‌ಇನ್‌ನಲ್ಲಿ 'ಐಡೆಂಟಿಟಿ ಹುಡುಕಾಟ' ಅಂತ ಬರೀತೀವಲ್ಲ, ಅದರ ಪಕ್ಕ ಇದನ್ನಿಟ್ಟು ನೋಡಿ. ಇಷ್ಟಾದ ಮೇಲೂ ಅಲ್ಲಿ ಬಿಳಿಯ ಕೆಲಸಗಾರರು ಇವನ ಜೊತೆ ಕಸುಬು ಮಾಡಲ್ಲ ಅಂದರು, ಸಿಕ್ಕಿದ ಕೂಲಿ ಮಾಡಿದ. ನಿಜವಾದ ಹೆಸರು, ಊರು, ಯಜಮಾನನ ಹೆಸರು ಎಲ್ಲ ಪುಸ್ತಕದಲ್ಲಿ ಹಾಕಿದ್ದರಿಂದ ಹಿಡಿದೊಯ್ಯುವ ಭಯ ಎದುರಾಗಿ ಅದೇ ವರ್ಷ ಬ್ರಿಟನ್ನಿಗೆ ಹೋದ. 1846ರಲ್ಲಿ ಅಲ್ಲಿನ ಗೆಳೆಯರು 150 ಪೌಂಡ್ ಕೂಡಿಸಿ ಅವನನ್ನು ಅವನಿಗೇ ಕೊಂಡು ಕೊಟ್ಟರು.

ಇನ್ನು 'ವಾಲ್ಡೆನ್'ನಲ್ಲೇ ನಾವು ಹಾರಿಸುವ ಒಂದು ಅಧ್ಯಾಯ ಇದೆ. ಆ ಕಾಡಲ್ಲಿ ತನಗಿಂತ ಮುಂಚೆ ಇದ್ದವರ ಬಗ್ಗೆ ಥೋರೋ ಬರೀತಾನೆ. ನೂಲು ತೆಗೆದು ಒಬ್ಬಳೇ ಬದುಕಿದ ಜಿಲ್ಫಾ ಎಂಬ ಕಪ್ಪು ಹೆಂಗಸು, 1812ರ ಯುದ್ಧದ ಸಮಯದಲ್ಲಿ ಅವಳ ಮನೆಗೆ ಬೆಂಕಿ ಬಿತ್ತು. ಸೇಬಿನ ಮರ ನೆಟ್ಟ ಬ್ರಿಸ್ಟರ್, ಬಿಡುಗಡೆ ಆದಮೇಲೆ ತನ್ನ ಹೆಸರಿನ ಮುಂದೆ ತಾನೇ 'ಫ್ರೀಮನ್' ಅಂತ ಸೇರಿಸಿಕೊಂಡವನು. ಅವರು ಕಾಡಿಗೆ ಪ್ರಯೋಗ ಮಾಡೋಕೆ ಬಂದವರಲ್ಲ. ಊರು ಅವರಿಗೆ ಬಿಟ್ಟುಕೊಟ್ಟ ಜಾಗ ಅದು. ಥೋರೋ ಅದನ್ನು ಬರೆದ, ಅಷ್ಟು ಪ್ರಾಮಾಣಿಕ. ನಾವು ಓದಲ್ಲ, ಕೊಳದ ಫೋಟೋ ಹಾಕ್ತೀವಿ.

ಮಾರ್ಕ್ ಟ್ವೇನ್‌ಗೆ ಈ ರೋಗ ಗೊತ್ತಿತ್ತು. ಹಕಲ್‌ಬೆರಿ ಫಿನ್ ಕಾದಂಬರಿಯ ಕೊನೆಯಲ್ಲಿ ಜಿಮ್‌ಗೆ ಆಗಲೇ ಬಿಡುಗಡೆ ಆಗಿರುತ್ತೆ, ಒಡತಿ ಸಾಯುವಾಗ ಉಯಿಲಲ್ಲಿ ಬರೆದಿರ್ತಾಳೆ. ಟಾಮ್ ಸಾಯರ್‌ಗೆ ಅದು ಗೊತ್ತು. ಆದರೂ ಹೇಳದೆ, ಪುಸ್ತಕದಲ್ಲಿ ಓದಿದ ಥರ ಮಜವಾಗಿ ಪಾರುಮಾಡಬೇಕು ಅಂತ ಅವನನ್ನು ಸರಪಳಿಯಲ್ಲೇ ಬಿಟ್ಟು ಗುಡಿಸಲಿಗೆ ಇಲಿ, ಹಾವು ತುಂಬಿಸ್ತಾನೆ. ಕೊನೆಗೆ ಕೈಗೆ 40 ಡಾಲರ್. ಟಾಮ್‌ಗೆ ಬಿಡುಗಡೆ ಅನ್ನೋದು ವೀಕೆಂಡ್ ಟ್ರಿಪ್.

ಹಾಗಾದ್ರೆ ನಮ್ಮ ಕಷ್ಟ ಕಷ್ಟವೇ ಅಲ್ವಾ ಅಂತೀರಾ? ನನ್ನ ಮೊದಲ ಕಂಪನಿಯವರು ಮೂಲ ಅಂಕಪಟ್ಟಿ ಎತ್ತಿಟ್ಟುಕೊಂಡು, ಬಾಂಡ್ ಮುಗಿಯೋವರೆಗೆ ಕೊಡಲಿಲ್ಲ. ಅದು ಅನ್ಯಾಯ, ಅದಕ್ಕೆ ಹೆಸರಿದೆ, ವಕೀಲರ ಹತ್ರ ಹೋಗಬಹುದಿತ್ತು, ನಾನು ಹೋಗಲಿಲ್ಲ. ಗುಲಾಮ ಅಂತ ಕರ್ಕೊಂಡ್ರೆ ಹೋಗಬೇಕಾದ ಜವಾಬ್ದಾರಿಯೇ ಇರಲ್ಲ ನೋಡಿ, ಅದೇ ಆ ಪದದ ಸುಖ.

ಹೋಲಿಕೆಯೇ ಬೇಡ ಅಂತಲ್ಲ. ಜ್ಯೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ' ಬರೆದು, ಕಪ್ಪು ಜನರ ಬಿಡುಗಡೆಗೆ ದುಡಿದ ಅಮೆರಿಕನ್ನರಿಗೆ ಅರ್ಪಿಸಿದರು. ಅವರಿಗೆ ಆ ಹಕ್ಕಿತ್ತು. ನನಗಿಲ್ಲ, ಯಾಕೆ ಅಂತ ಹೇಳ್ತೀನಿ.

ನಮ್ಮೂರ ಮನೆ ಅಟ್ಟದಲ್ಲಿ ಅಜ್ಜನ ಲೆಕ್ಕದ ಪುಸ್ತಕ ಇದೆ. ನಾನು ಹುಟ್ಟೋ ಮುಂಚಿನದು, 1976ರಲ್ಲಿ ಜೀತ ನಿಷೇಧದ ಕಾಯ್ದೆ ಬರೋಕೂ ಮುಂಚಿನದು. ಎತ್ತುಗಳ ಹೆಸರಿವೆ, ರಾಮ, ಬಸವ. ಜೀತಕ್ಕಿದ್ದವನ ಸಾಲ ಬರೆದ ಪುಟದ ಮೇಲೆ ಬರೀ 'ಆಳು'. ಯುಗಾದಿ ದಿನ ಅವನಿಗೆ ಎಂಟಾಣೆ ಕೊಟ್ಟಿದ್ದು ಪ್ರತಿವರ್ಷ ತಪ್ಪದೆ ನಮೂದಾಗಿದೆ. ಚಿಕ್ಕವನಿದ್ದಾಗ ಅದನ್ನ ಅಜ್ಜನ ದೊಡ್ಡ ಮನಸ್ಸು ಅಂತ ಮನೇಲಿ ಹೇಳೋರು, ನಾನೂ ನಂಬಿದ್ದೆ. ಡಗ್ಲಾಸ್‌ನ ಆರು ಸೆಂಟ್ ಓದಿದ ರಾತ್ರಿ ಊರಿಗೆ ಫೋನ್ ಮಾಡಿ, ಅವನ ಹೆಸರೇನಿತ್ತು ಅಂತ ಅಪ್ಪನನ್ನ ಕೇಳಿದೆ. ಅಪ್ಪ ತುಂಬ ಹೊತ್ತು ಯೋಚಿಸಿದರು. ಅಮ್ಮನಿಗೆ ಗೊತ್ತಿರಬಹುದು, ಬೆಳಗ್ಗೆ ಕೇಳಿ ಹೇಳ್ತೀನಿ ಅಂದರು.