ಪುಟ್ಟ ವಿಮಾನದ ಏಸಿ ನೆಲದಲ್ಲೇ ಇರಲಿ

ಹೈದರಾಬಾದಿನ ಬೇಗಂಪೇಟೆಯಿಂದ ಪ್ರಯಾಣಿಕ ವಿಮಾನಗಳು 2008ರ ಮಾರ್ಚ್‌ನಲ್ಲೇ ಶಂಷಾಬಾದಿಗೆ ಹೋದವು. ಹಾಗೆಂದು ಬೇಗಂಪೇಟೆಯ ರನ್‌ವೇ ಬಿಕೋ ಎನ್ನುತ್ತಿಲ್ಲ. ತೆಲಂಗಾಣ ರಾಜ್ಯ ವಿಮಾನಯಾನ ಅಕಾಡೆಮಿಯ ನೆಲೆ ಅದೇ, ಸಣ್ಣ ಖಾಸಗಿ ವಿಮಾನಗಳ ಓಡಾಟವೂ ಅಲ್ಲುಂಟು. ಮೇ ತಿಂಗಳಲ್ಲಿ ಊರಿನ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ನಿಂತ ನಾಲ್ಕು ಸೀಟಿನ ವಿಮಾನದೊಳಗೆ ಸೀಟುಬೆಲ್ಟಿನ ಬಕಲ್ ಮುಟ್ಟಿದರೆ ಕೈ ಚುರುಕ್ಕೆನ್ನುತ್ತದೆ. ಎಂಜಿನ್ ಶುರು ಮಾಡಿ ಟವರ್‌ನ ಅನುಮತಿಗೆ ಕಾಯುವಷ್ಟರಲ್ಲಿ ಪೈಲಟ್ ಬೆವರಿನಲ್ಲಿ ತೊಯ್ದಿರುತ್ತಾನೆ. ಏಸಿ ಬೇಕೆಂಬ ಬೇಡಿಕೆಯನ್ನು ಷೋಕಿ ಎಂದು ತಳ್ಳಿಹಾಕುವಂತಿಲ್ಲ. ಮೈಯ ನೀರು ಇಂಗಿದರೆ ಗಮನ ಚದುರುತ್ತದೆ, ನಿರ್ಧಾರ ತಡವಾಗುತ್ತದೆ. ಇದು ಸುರಕ್ಷತೆಯ ಪ್ರಶ್ನೆ. ಆದರೆ ಅದಕ್ಕೆ ಉತ್ತರ ವಿಮಾನದೊಳಗೆ ಏಸಿ ಕೂರಿಸುವುದಲ್ಲ.

ಬಿಸಿ ಗಾಳಿ ತೆಳು. ಬೇಗಂಪೇಟೆ ಸಮುದ್ರಮಟ್ಟದಿಂದ ಸುಮಾರು 1,740 ಅಡಿ ಎತ್ತರದಲ್ಲಿದೆ. 40 ಡಿಗ್ರಿಯ ಮಧ್ಯಾಹ್ನ ಅಲ್ಲಿನ ಗಾಳಿ ಸಾಮಾನ್ಯ ದಿನದ 5,000 ಅಡಿ ಎತ್ತರದ ಗಾಳಿಯಷ್ಟು ತೆಳುವಾಗುತ್ತದೆ. ಎಂಜಿನ್ನಿನ ಶಕ್ತಿ ಕುಗ್ಗುತ್ತದೆ, ರೆಕ್ಕೆ ಎತ್ತುವ ಬಲ ಇಳಿಯುತ್ತದೆ, ನೆಲ ಬಿಡಲು ಹೆಚ್ಚು ರನ್‌ವೇ ಬೇಕಾಗುತ್ತದೆ. ಏಸಿ ಬೇಕೆನಿಸುವ ದಿನವೇ ವಿಮಾನ ಭಾರ ಹೊರಲಾರದ ದಿನ. ಕಂಪ್ರೆಸರ್, ಕಂಡೆನ್ಸರ್, ಫ್ಯಾನು, ಪೈಪು ಸೇರಿ 25ರಿಂದ 30 ಕೆ.ಜಿ. ಆಗಬಹುದು. ತೂಕದಲ್ಲಿ ಅದು ಸುಮಾರು 40 ಲೀಟರ್ ಇಂಧನಕ್ಕೆ, ಎಂದರೆ ಸೆಸ್ನಾ 172ರ ಒಂದು ಗಂಟೆಯ ಹಾರಾಟಕ್ಕೆ ಸಮ.

ಟೇಕಾಫ್ ಹೊತ್ತಿಗೆ ಏಸಿ ಆರಿಸಿದರಾಯಿತಲ್ಲ ಎನ್ನುವವರಿದ್ದಾರೆ. ಪೈಪರ್ ಕಂಪನಿಯ ಕೆಲವು ವಿಮಾನಗಳಲ್ಲಿ ಥ್ರಾಟಲ್ ಪೂರ್ತಿ ಒತ್ತಿದೊಡನೆ ಕಂಪ್ರೆಸರ್ ತಾನೇ ನಿಲ್ಲುವ ಸ್ವಿಚ್ಚು ಇದೆ. ಅದು ಎಂಜಿನ್ನಿನ ಶಕ್ತಿಯನ್ನು ಉಳಿಸುತ್ತದೆ ನಿಜ, ತೂಕವನ್ನು ಇಳಿಸುವುದಿಲ್ಲ. ವಿದ್ಯುತ್ ಏಸಿಯೂ ಹಾರುವಾಗ ಕರೆಂಟು ಪಡೆಯುವುದು ಅದೇ ಎಂಜಿನ್ ತಿರುಗಿಸುವ ಆಲ್ಟರ್ನೇಟರಿನಿಂದ. ಕಾರಿಗೆ ಹಾಕಿಸಿದಂತೆ ಹಾಕಿಸಿಬಿಡುವ ಕೆಲಸವೂ ಇದಲ್ಲ: ಆ ಮಾದರಿಗೇ ಮಂಜೂರಾದ ವಿನ್ಯಾಸ ಬೇಕು, ತೂಕ ಮತ್ತು ಸಮತೋಲದ ಲೆಕ್ಕವನ್ನು ಹೊಸದಾಗಿ ಬರೆಯಬೇಕು. ಇನ್ನು ದೂರದ ಹಾರಾಟದಲ್ಲಿ ಮೇಲೇರಿದ ಪ್ರತಿ ಸಾವಿರ ಅಡಿಗೆ ಸುಮಾರು 2 ಡಿಗ್ರಿ ತಂಪಾಗುತ್ತ ಹೋಗುವುದರಿಂದ ಗಾಳಿಕಿಂಡಿಗಳೇ ಸಾಕು. ಗಟ್ಟಿಯಾದ ಆಕ್ಷೇಪ ಉಳಿಯುವುದು ತರಬೇತಿಯದು. ನೆಲದಿಂದ ಸಾವಿರ ಅಡಿಯಲ್ಲೇ ಸುತ್ತಿ ಮತ್ತೆ ಮತ್ತೆ ಇಳಿಯುವ ವಿದ್ಯಾರ್ಥಿಗೆ ಎತ್ತರದ ತಂಪು ಸಿಗುವುದಿಲ್ಲ.

ಅಂಥ ವಿದ್ಯಾರ್ಥಿಗಳಿಗೆ ಪರಿಹಾರ ನೆಲದಲ್ಲಿದೆ. ದೊಡ್ಡ ವಿಮಾನಗಳಿಗೆ ನಿಲ್ದಾಣದಲ್ಲಿ ಕೊಳವೆಯಿಂದ ತಂಪು ಗಾಳಿ ಊದುತ್ತಾರೆ. ಚಿಕ್ಕ ವಿಮಾನಕ್ಕೂ ಗಾಲಿಯ ಮೇಲಿನ ಕೂಲರ್ ಆ ಕೆಲಸ ಮಾಡಬಲ್ಲದು. ನೆರಳಿನ ಶೆಡ್ಡು, ಗಾಜಿಗೆ ಬಿಸಿಲು ತಡೆಯುವ ಹೊದಿಕೆ, ಕುಡಿಯುವ ನೀರು, ಇನ್‌ಸ್ಟ್ರಕ್ಟರಿಗೂ ವಿದ್ಯಾರ್ಥಿಗೂ ವಿರಾಮ ದುಬಾರಿಯ ಮಾತಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ವೇಳಾಪಟ್ಟಿ: ಬೇಸಿಗೆಯಲ್ಲಿ ಸುತ್ತುಹಾರಾಟ ಬೆಳಿಗ್ಗೆಯೇ ಮುಗಿಯಬೇಕು. ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆ ಹಾರಬೇಕು, ಮಧ್ಯಾಹ್ನ ಬಿಟ್ಟರೆ ಕೋರ್ಸು ತಡವಾಗುತ್ತದೆ ಎಂಬ ಆತಂಕಕ್ಕೆ ಕಾರಣವಿದೆ. ಸಾಲ ಮಾಡಿ ಕಲಿಸುವ ಮನೆಗಳಿಗೆ ಒಂದೊಂದು ತಿಂಗಳೂ ಭಾರವೇ. ಆದರೆ ಬಳಲಿದ ತಲೆ ಕಲಿಯುವುದು ಕಡಿಮೆ, ಎಡವುವುದು ಹೆಚ್ಚು. ಬಿಸಿಲಿಗೆ ಹೆಸರಾದ ಕಲಬುರಗಿಯಲ್ಲಿ ಹಾರಾಟ ಕಲಿಸುವವರಿಗೂ ಈ ಮಾತು ಸಲ್ಲುತ್ತದೆ. ಎಷ್ಟು ಡಿಗ್ರಿ ದಾಟಿದರೆ ವಿದ್ಯಾರ್ಥಿಯ ಹಾರಾಟ ನಿಲ್ಲಬೇಕೆಂದು ಪ್ರತಿ ಶಾಲೆಯೂ ಬರೆದಿಟ್ಟು ಪಾಲಿಸಲಿ. ಶಾಲೆಗೆ ಮಾನ್ಯತೆ ಕೊಡುವಾಗ ವಿಮಾನಯಾನ ನಿಯಂತ್ರಕ ಡಿಜಿಸಿಎ ಅದನ್ನು ಷರತ್ತಾಗಿಸಲಿ.