ಶಾರ್ಟ್‌ಕಟ್‌ಗಳ ಸಾಲಿನಲ್ಲಿ ಕನ್ನಡಕ್ಕೂ ಒಂದು ಕೀಲಿ ಇರಲಿ

ಮೌಸ್ ಮುಟ್ಟದೆ ದಿನವಿಡೀ ಕೋಡ್ ಬರೆಯುವವರು ಪುಣೆ, ಹೈದರಾಬಾದ್, ಚೆನ್ನೈನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಸಿಗುತ್ತಾರೆ. ಅದು ಬರೀ ಶೋಕಿ ಎಂದು ನಗುವವರೂ ಇದ್ದಾರೆ. ಆದರೆ ಕೈ ಮೌಸ್‌ನತ್ತ ಹೋಗಿ ಮೆನು ಹುಡುಕಿ ಮರಳುವಷ್ಟರಲ್ಲಿ ಯೋಚನೆಯ ಎಳೆ ತಪ್ಪುತ್ತದೆ ಎಂಬುದು ಈ ಕೆಲಸ ಮಾಡುವವರಿಗೆಲ್ಲ ಗೊತ್ತು.

ಈ ಪದ್ಧತಿ ಹೊಸದೇನಲ್ಲ. 1976ರಲ್ಲಿ ಬಿಲ್ ಜಾಯ್ ‘ವಿಐ’ ಎಡಿಟರ್ ಬರೆಯಲು ತೊಡಗಿದಾಗ ಅವರು ಬಳಸುತ್ತಿದ್ದ ಟರ್ಮಿನಲ್‌ನಲ್ಲಿ ಬಾಣದ ಗುರುತುಗಳು ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆಯೇ ಇದ್ದವು. 1991ರಲ್ಲಿ ಬ್ರಾಮ್ ಮೂಲೆನಾರ್ ಬಿಡುಗಡೆ ಮಾಡಿದ ‘ವಿಮ್’ನಲ್ಲಿ ಇಂದಿಗೂ ಅವೇ ಕೀಲಿಗಳು ಕರ್ಸರ್ ಓಡಿಸುತ್ತವೆ.

ಹೊಸದಾಗಿ ಶುರು ಮಾಡುವವರು ಎಲ್ಲವನ್ನೂ ಒಂದೇ ದಿನ ಬದಲಿಸಲು ಹೋಗಬೇಡಿ. ವಿಎಸ್ ಕೋಡ್‌ನಲ್ಲಿ ಕಡತ ತೆರೆಯಲು ಕಂಟ್ರೋಲ್-ಪಿ, ಟರ್ಮಿನಲ್‌ನಲ್ಲಿ ಹಳೆಯ ಕಮಾಂಡ್ ಹುಡುಕಲು ಕಂಟ್ರೋಲ್-ಆರ್; ಮೊದಲ ವಾರಕ್ಕೆ ಇವೆರಡು ಸಾಕು. ಬೆರಳಿಗೆ ರೂಢಿಯಾದ ಮೇಲೆ ವಿಮ್, ಟಿಮಕ್ಸ್‌ನತ್ತ ಹೋಗಬಹುದು. ನಿಮ್ಮ ಸೆಟ್ಟಿಂಗ್ ಕಡತಗಳನ್ನು ಗಿಟ್‌ನಲ್ಲಿಡಿ. ಪಾಸ್‌ವರ್ಡ್‌ಗಳನ್ನು ಮಾತ್ರ ಅದರಲ್ಲಿ ಸೇರಿಸಬೇಡಿ. ಕೆಲಸ, ಊರು, ಲ್ಯಾಪ್‌ಟಾಪ್ ಮೂರನ್ನೂ ಬದಲಿಸುತ್ತಲೇ ಇರುವ ನಮ್ಮಂಥವರಿಗೆ ಇದರಿಂದ ದೊಡ್ಡ ಅನುಕೂಲ.

ಇಷ್ಟೆಲ್ಲ ಅಚ್ಚುಕಟ್ಟು ಮಾಡಿಕೊಂಡ ಲ್ಯಾಪ್‌ಟಾಪಿನಲ್ಲಿ ಕನ್ನಡ ಎಲ್ಲಿದೆ? ಬಹಳ ಮಂದಿಯ ಬಳಿ ಇಲ್ಲವೇ ಇಲ್ಲ. ಅಮ್ಮನಿಗೆ ಕಳಿಸುವ ‘ಊಟ ಆಯ್ತಾ’ ಕೂಡ ಇಂಗ್ಲಿಷ್ ಅಕ್ಷರದಲ್ಲೇ ಹೋಗುತ್ತದೆ. ಇದಕ್ಕೆ ಅಭಿಮಾನದ ಕೊರತೆ ಕಾರಣವೆಂದು ನಾನು ಒಪ್ಪುವುದಿಲ್ಲ. ಮೌಸ್‌ಗೆ ಹೇಳಿದ ಮಾತೇ ಇಲ್ಲಿಗೂ ಅನ್ವಯಿಸುತ್ತದೆ. ನಾಲ್ಕು ಕ್ಲಿಕ್‌ಗಳಾಚೆ ಇರುವುದನ್ನು ಕೈ ಕ್ರಮೇಣ ಮರೆಯುತ್ತದೆ. ಹೊರನಾಡಿನ ಕಚೇರಿಯಲ್ಲಿ ಕನ್ನಡದ ಬೋರ್ಡೂ ಕಾಣುವುದಿಲ್ಲ, ನೆನಪಿಸುವವರೂ ಇರುವುದಿಲ್ಲ.

ಪರಿಹಾರ ಕಷ್ಟದ್ದಲ್ಲ. ‘ನುಡಿ’ ಬಳಸಿದವರಿಗೆ ಪರಿಚಿತವಾದ ಕೆ.ಪಿ. ರಾವ್ ವಿನ್ಯಾಸ ಲಿನಕ್ಸ್‌ನ ಕೀಬೋರ್ಡ್ ವಿನ್ಯಾಸಗಳಲ್ಲಿ ‘ಕಗಪ’ ಹೆಸರಿನಲ್ಲಿ ಸಿಗುತ್ತದೆ. ಕೆ ಒತ್ತಿದರೆ ಕ, ಶಿಫ್ಟ್ ಸೇರಿಸಿದರೆ ಖ, ಒತ್ತಕ್ಷರಕ್ಕೆ ನಡುವೆ ಎಫ್. ವಿಂಡೋಸ್‌ನಲ್ಲಿ ಕನ್ನಡ ಕೀಬೋರ್ಡ್ ಸೇರಿಸಿಕೊಂಡರೆ ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒತ್ತಿ ಭಾಷೆ ಬದಲಿಸಬಹುದು.

ವಿಮ್ ಬಳಸುವವರಿಗೆ ಒಂದು ತೊಡಕಿದೆ. ಕನ್ನಡ ಆನ್ ಇರುವಾಗ ಜೆ, ಕೆ ಒತ್ತಿದರೆ ಕರ್ಸರ್ ಓಡುವುದಿಲ್ಲ, ಏಕೆಂದರೆ ವಿಮ್‌ಗೆ ತಲುಪುವುದು ಜ ಮತ್ತು ಕ. ಬರೆಯುವ ಮೋಡ್‌ನಿಂದ ಹೊರಬಂದ ಕೂಡಲೇ ಇಂಗ್ಲಿಷ್‌ಗೆ ಮರಳುವಂತೆ ಸೆಟ್ಟಿಂಗ್ ಕಡತದಲ್ಲಿ ಒಂದು ಸಾಲು ಬರೆದುಕೊಂಡರೆ ಈ ಗೋಳು ತಪ್ಪುತ್ತದೆ. ಈಮ್ಯಾಕ್ಸ್‌ನಲ್ಲಂತೂ ಕನ್ನಡ ಬರೆಯುವ ವ್ಯವಸ್ಥೆ ಒಳಗೇ ಇದೆ. ಅದು ಆನ್ ಇದ್ದಾಗಲೂ ಕಂಟ್ರೋಲ್ ಜತೆಗಿನ ಶಾರ್ಟ್‌ಕಟ್‌ಗಳು ಎಂದಿನಂತೆ ನಡೆಯುತ್ತವೆ.

ಕಚೇರಿ ಲ್ಯಾಪ್‌ಟಾಪ್ ಆದರೆ ಐಟಿ ವಿಭಾಗದವರನ್ನು ಒಂದು ಮಾತು ಕೇಳಿ. ಬಳಿಕ ನಿಮ್ಮ ಸ್ವಂತ ಟಿಪ್ಪಣಿಗಳನ್ನು, ಕನ್ನಡ ಸಂಘದ ಪತ್ರಗಳನ್ನು ಕನ್ನಡದಲ್ಲೇ ಟೈಪಿಸಿ. ಮೊದಲ ವಾರ ಬೆರಳು ತಡವರಿಸುತ್ತದೆ. ವಿಮ್ ಕಲಿಯುವಾಗಲೂ ತಡವರಿಸಿತ್ತು, ಆಗ ನಾವು ಬಿಟ್ಟುಬಿಡಲಿಲ್ಲವಲ್ಲ!