‘ಏನನ್ನೂ ಓದಿಲ್ಲ’ ಎಂಬ ಉತ್ತರ

ಹೊಸ ಪಾಠವೊಂದು ಆರಂಭವಾಗುವ ದಿನ ಅಧ್ಯಾಪಕರು ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಎಬ್ಬಿಸಿ, ‘ಈ ವಿಷಯದಲ್ಲಿ ಈವರೆಗೆ ಏನೇನು ಓದಿದ್ದೀರಿ?’ ಎಂದು ಕೇಳುವುದು ಒಳ್ಳೆಯ ಪದ್ಧತಿ. ಬಿತ್ತುವ ಮುನ್ನ ಮಣ್ಣಿನ ಹದ ನೋಡದ ರೈತನುಂಟೆ? ಈ ವರ್ಷ ನಮ್ಮ ಐಚ್ಛಿಕ ಇಂಗ್ಲಿಷ್ ತರಗತಿಯಲ್ಲಿ ವಿಜ್ಞಾನ ಕಥೆಗಳ ಪಾಠ ಆರಂಭವಾದಾಗಲೂ ಹೀಗೆಯೇ ನಡೆಯಿತು. ಆ ಪದ್ಧತಿಯ ಬಗ್ಗೆ ನನಗೆ ತೋಚಿದ ಒಂದೆರಡು ವಿಚಾರಗಳನ್ನು ಗುರುಗಳ ಮತ್ತು ಸಹಪಾಠಿಗಳ ಮುಂದೆ ವಿನಯಪೂರ್ವಕವಾಗಿ ಇಡಬಯಸುತ್ತೇನೆ.

ಬಂದ ಉತ್ತರಗಳು ಮೂರು ಬಗೆಯವು. ನಾಲ್ಕೈದು ಮಂದಿ ವೆಲ್ಸ್, ಅಸಿಮೋವ್, ಕ್ಲಾರ್ಕ್ ಮುಂತಾದವರ ಹೆಸರುಗಳನ್ನು ನಿರರ್ಗಳವಾಗಿ ಹೇಳಿದರು. ಕೆಲವರು ತಾವು ನೋಡಿದ ಚಲನಚಿತ್ರಗಳನ್ನು ಹೆಸರಿಸಿದರು. ನಾನು ಹೇಳಿದ್ದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’ ಒಂದನ್ನೇ. ಹಾರುವ ಓತಿಯನ್ನು ಹುಡುಕಿ ಹೊರಡುವ ಆ ಕಾದಂಬರಿ ವಿಜ್ಞಾನ ಕಥೆ ಹೌದೋ ಅಲ್ಲವೋ ಎಂದು ಸ್ವಲ್ಪ ಹೊತ್ತು ವಾದವೂ ಆಯಿತು. ಉಳಿದವರು, ಅವರೇ ಹೆಚ್ಚು ಮಂದಿ, ‘ಏನನ್ನೂ ಓದಿಲ್ಲ’ ಎಂದಷ್ಟೇ ಹೇಳಿ ಕುಳಿತುಬಿಟ್ಟರು.

ಹಾಗೆ ಕುಳಿತವರು ಮುಂದಿನ ಎಷ್ಟೋ ವಾರಗಳವರೆಗೆ ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ಚರ್ಚೆಯೆಲ್ಲ ಮುಂದಿನ ಎರಡು ಬೆಂಚುಗಳಲ್ಲೇ ಉಳಿಯಿತು. ಮೊದಲ ದಿನ ತಾವು ಕೊಟ್ಟ ಉತ್ತರವನ್ನು ಅವರು ತಮ್ಮ ಯೋಗ್ಯತೆಯ ತೀರ್ಪೆಂದೇ ಭಾವಿಸಿದರು. ನಮ್ಮಲ್ಲಿ ಅನೇಕರು ತಂತಮ್ಮ ಮನೆತನದಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದ ಮೊದಲಿಗರು; ನಾನೂ ಅವರಲ್ಲೊಬ್ಬ. ಮನೆಯಲ್ಲಿ ಪಂಚಾಂಗವನ್ನೂ ಪಠ್ಯಪುಸ್ತಕಗಳನ್ನೂ ಬಿಟ್ಟರೆ ಬೇರೆ ಪುಸ್ತಕ ಕಾಣದವನಿಗೆ ‘ಏನು ಓದಿದ್ದೀಯೆ?’ ಎಂಬ ಪ್ರಶ್ನೆ ‘ನಿನ್ನ ಮನೆಯಲ್ಲಿ ಏನಿದೆ?’ ಎಂದು ಕೇಳಿದಂತೆಯೇ ಕೇಳಿಸುತ್ತದೆ.

ಆದರೆ ಏನನ್ನೂ ಓದದವನು ಏನನ್ನೂ ಅರಿಯದವನೆ? ಭಾಗವತದ ಕಕುದ್ಮಿಯ ಕಥೆಯನ್ನು ನೋಡಿ. ಮಗಳು ರೇವತಿಗೆ ತಕ್ಕ ವರನಾರೆಂದು ಕೇಳಲು ಈ ರಾಜನು ಅವಳೊಡನೆ ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಗಂಧರ್ವಗಾನ ನಡೆಯುತ್ತಿರಲು ಕ್ಷಣಕಾಲ ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯ ಮೇಲೆ 27 ಚತುರ್ಯುಗಗಳು ಕಳೆದುಹೋಗಿರುತ್ತವೆ. ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರರಾರೂ ಉಳಿದಿರುವುದಿಲ್ಲ. ಹರಿಕಥೆಯಲ್ಲೋ ಅಜ್ಜಿಯ ಬಾಯಲ್ಲೋ ಈ ಕಥೆ ಕೇಳಿ ಮೈ ಜುಮ್ಮೆಂದಿದ್ದವನಿಗೆ, ಕಾಲವು ಎಲ್ಲೆಡೆಯೂ ಒಂದೇ ಸಮನಾಗಿ ಹರಿಯದಿದ್ದರೆ ಮನುಷ್ಯನ ಗತಿಯೇನು ಎಂಬ ಬೆರಗು ಹೊಸದಲ್ಲ.

ಇದರಿಂದ ನಮ್ಮ ಹಿರಿಯರಿಗೆ ಸಾಪೇಕ್ಷತಾ ಸಿದ್ಧಾಂತ ತಿಳಿದಿತ್ತೆಂದು ಯಾರೂ ತೀರ್ಮಾನಿಸಬಾರದು. ಪುರಾಣದಲ್ಲಿ ಅದ್ಭುತವು ದೈವದ ಮಹಿಮೆಯಿಂದ ನಡೆಯುತ್ತದೆ. ವಿಜ್ಞಾನ ಕಥೆಯಲ್ಲಿ ಅದಕ್ಕೊಂದು ಕಾರಣವನ್ನು ಕಲ್ಪಿಸಬೇಕು, ಆ ಕಾರಣದಿಂದ ಸಮಾಜ ಹೇಗೆ ಬದಲಾಯಿತೆಂದು ತೋರಿಸಬೇಕು. ಈ ವ್ಯತ್ಯಾಸವೇ ಪಾಠದ ತಿರುಳು. ಕಕುದ್ಮಿಯನ್ನು ಬಲ್ಲವನ ಮುಂದೆ ವೆಲ್ಸನ ‘ಕಾಲಯಂತ್ರ’ವನ್ನಿಟ್ಟರೆ ಆ ತಿರುಳು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಕೇಳದೆ ಹೋದರೆ ಅವನ ಬಳಿ ಕಕುದ್ಮಿ ಇದ್ದಾನೆಂದು ಗೊತ್ತಾಗುವುದಾದರೂ ಹೇಗೆ?

ಈ ಸಾಹಿತ್ಯವನ್ನು ಕಟ್ಟಿದವರಾದರೂ ಎಲ್ಲರೂ ತುಂಬಿದ ಕಪಾಟುಗಳ ನಡುವೆ ಹುಟ್ಟಿದವರಲ್ಲ. ವೆಲ್ಸನ ತಂದೆ ಸಣ್ಣ ಅಂಗಡಿಕಾರ. 1874ರಲ್ಲಿ ಬಾಲಕನ ಕಾಲು ಮುರಿದು ಹಾಸಿಗೆ ಹಿಡಿದಾಗ ತಂದೆ ತಂದುಕೊಟ್ಟ ಪುಸ್ತಕಗಳಿಂದ ಅವನಿಗೆ ಓದಿನ ರುಚಿ ಹತ್ತಿತು. ಮುಂದೆ ಅವನು ಬಟ್ಟೆ ಅಂಗಡಿಯಲ್ಲಿ ಕೆಲಸ ಕಲಿಯಲು ನಿಂತ. ತಾಯಿ ಅಪ್‌ಪಾರ್ಕ್ ಎಂಬ ಶ್ರೀಮಂತರ ಬಂಗಲೆಯಲ್ಲಿ ಮನೆವಾರ್ತೆ ನೋಡಿಕೊಳ್ಳುವ ಕೆಲಸಕ್ಕಿದ್ದಳು. ಅಲ್ಲಿನ ಆಳುಗಳಿಗೆ ಓಡಾಡಲು ನೆಲದಡಿಯ ಸುರಂಗಗಳಿದ್ದವು. 1895ರಲ್ಲಿ ಪ್ರಕಟವಾದ ‘ಕಾಲಯಂತ್ರ’ದಲ್ಲಿ, ಕ್ರಿ.ಶ. 8,02,701ನೆಯ ವರ್ಷದಲ್ಲಿ, ನೆಲದ ಮೇಲೆ ಸುಖಜೀವಿಗಳು, ನೆಲದಡಿಯಲ್ಲಿ ದುಡಿಯುವವರು! ಇದನ್ನು ಅವನು ಗ್ರಂಥಗಳಿಂದ ಮಾತ್ರ ಕಲಿತನೆಂದು ನನಗೆ ತೋರುವುದಿಲ್ಲ.

ನಮ್ಮ ದೇಶದಲ್ಲೇ ಬಂಗಾಳದ ರುಕಿಯಾ ಸಖಾವತ್ ಹುಸೇನ್ ಅವರು ಶಾಲೆಯ ಮುಖ ಕಾಣದೆ, ಅಣ್ಣನಿಂದ ಇಂಗ್ಲಿಷ್ ಕಲಿತು, 1905ರಲ್ಲಿ ‘ಸುಲ್ತಾನಳ ಕನಸು’ ಎಂಬ ಕಥೆಯನ್ನು ಮದರಾಸಿನ ಮಹಿಳಾ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಅದರಲ್ಲಿ ಸ್ತ್ರೀಯರು ಸೂರ್ಯನ ಶಾಖವನ್ನೂ ಮೋಡದ ನೀರನ್ನೂ ಹಿಡಿದಿಟ್ಟು ರಾಜ್ಯವಾಳುತ್ತಾರೆ, ಗಂಡಸರು ಪರದೆಯೊಳಗಿರುತ್ತಾರೆ. ಪರದೆಯೊಳಗಿನ ಬಾಳನ್ನು ಬಲ್ಲವರಿಗಲ್ಲದೆ ಇಂಥ ಕನಸು ಬೀಳುವುದು ಕಷ್ಟ. ಅಸಿಮೋವನೂ ವಲಸೆ ಬಂದ ಬಡ ಕುಟುಂಬದವನು. ನ್ಯೂಯಾರ್ಕಿನಲ್ಲಿ ತಂದೆ ಇಟ್ಟಿದ್ದ ಮಿಠಾಯಿ ಅಂಗಡಿಗೆ ಮಾರಾಟಕ್ಕೆ ಬರುತ್ತಿದ್ದ ಅಗ್ಗದ ಪತ್ರಿಕೆಗಳಲ್ಲೇ ಅವನು ಈ ಬಗೆಯ ಕಥೆಗಳನ್ನು ಮೊದಲು ಓದಿದ್ದು.

ಹೀಗೆ ಕಥೆ ಕೇಳಿದ್ದನ್ನೆಲ್ಲ ಓದಿನ ಲೆಕ್ಕಕ್ಕೆ ಹಿಡಿದರೆ ಮಟ್ಟ ಇಳಿಯುತ್ತದೆಂದು ಕೆಲವರು ಆಕ್ಷೇಪಿಸಬಹುದು. ಅಜ್ಜಿಯ ಕಥೆ ವೆಲ್ಸನಿಗೆ ಬದಲಿಯೆಂದು ನಾನು ಹೇಳುತ್ತಿಲ್ಲ. ವೆಲ್ಸನನ್ನು ಎಲ್ಲರೂ ಓದಲೇಬೇಕು, ಮೂಲದಲ್ಲಿ ಓದಿದರೆ ಇನ್ನೂ ಒಳ್ಳೆಯದು. ಹೊರಡುವ ಜಾಗವನ್ನು ಮಾತ್ರ ಅವರವರ ಊರಿನಿಂದಲೇ ಗುರುತಿಸಿ ಎಂಬುದಷ್ಟೇ ನನ್ನ ಬೇಡಿಕೆ.

ಆದುದರಿಂದ ಗುರುಗಳಲ್ಲಿ ಎರಡು ಬಿನ್ನಹಗಳಿವೆ. ‘ಏನು ಓದಿದ್ದೀರಿ?’ ಎಂಬುದರ ಬೆನ್ನಿಗೇ ‘ಏನು ಕೇಳಿದ್ದೀರಿ, ಏನು ನೋಡಿದ್ದೀರಿ?’ ಎಂಬ ಪ್ರಶ್ನೆಯನ್ನೂ ಕೇಳಬೇಕು. ಬಂದ ಉತ್ತರಗಳನ್ನು ಬರೆದಿಟ್ಟುಕೊಂಡು ಪಾಠದಲ್ಲಿ ಬಳಸಬೇಕು. ಎರಡನೆಯದಾಗಿ, ರಾಜಶೇಖರ ಭೂಸನೂರಮಠರ ವಿಜ್ಞಾನ ಕಥೆಗಳಂಥ ಕನ್ನಡ ಪುಸ್ತಕಗಳು ನಮ್ಮ ಗ್ರಂಥಭಂಡಾರದಲ್ಲಿ ಕೈಗೆಟಕುವ ಕಡೆ ಇರಬೇಕು. ಬೀಗ ಹಾಕಿದ ಬೀರುವಿನೊಳಗಿನ ಪುಸ್ತಕ ಇದ್ದೂ ಇಲ್ಲದಂತೆ.

ಸಹಪಾಠಿಗಳಲ್ಲೂ ಒಂದು ಮಾತು. ಹೆಚ್ಚು ಓದಿದವರು ತಮ್ಮ ಪಟ್ಟಿಯನ್ನು ಪದಕದಂತೆ ಧರಿಸದೆ ಪುಸ್ತಕವನ್ನು ಪಕ್ಕದವನ ಕೈಗೆ ಕೊಡಲಿ. ಓದದವರು ಮೊದಲ ದಿನದ ಉತ್ತರವನ್ನು ಕೊನೆಯ ಉತ್ತರವೆಂದು ತಿಳಿಯದಿರಲಿ. ನಾಳೆಯ ಲೋಕ ಹೇಗಿರಬೇಕೆಂದು ಊಹಿಸುವ ಸಾಹಿತ್ಯವಿದು. ಆ ನಾಳೆಯಲ್ಲಿ ಹಿಂದಿನ ಬೆಂಚಿನವರಿಗೂ ಪಾಲಿದೆ, ಅದನ್ನು ಕುರಿತು ಮಾತನಾಡುವ ಹಕ್ಕೂ ಇದೆ.